ಧಾರವಾಡದಲ್ಲಿ ನಮ್ಮ ಮನೆ ಸಾಲಿಯ ಒಂದು ವಾರ

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಬಿಟ್ಟು ಧಾರವಾಡಕ್ಕೆ ಬಂದು 14 ತಿಂಗಳಾಯಿತು. ಮಗಳಿಗೆ ಈಗ ಆರೂವರೆ ವರ್ಷ. ಅವಳನ್ನು ಮನೆಯಲ್ಲೇ ಓದಿಸುತ್ತಿದ್ದೇವೆ ಅಂತ ಗೊತ್ತಾದ ಮೇಲೆ ನಿಮ್ಮಲ್ಲಿ ಹಲವರು ಕೇಳಿದಿರಿ, ದಿನವಿಡೀ ಏನು ಮಾಡಿಸ್ತೀರಿ ಅಂತ. ವಾಪಸ್ ಬರುವ ಯೋಚನೆ ಇರುವವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಟೆಕ್ಸಾಸ್‌ನಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವುದು ಹೊಸದೇನಲ್ಲ. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ಪ್ರಜೆಯಾಗಿ ಬದುಕುವ ರೀತಿ, ಈ ಐದನ್ನು ಕಲಿಸಿದರೆ ಸಾಕು ಅನ್ನುತ್ತದೆ ಅಲ್ಲಿನ ಕಾನೂನು. ಅಲ್ಲಿ ಗೆಳತಿಯೊಬ್ಬಳು ಕೊಟ್ಟಿದ್ದ ಟೈಮ್‌ಟೇಬಲ್ಲನ್ನೇ ಇಲ್ಲಿಗೂ ತಂದೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಆರು ಪೀರಿಯಡ್. ಫ್ರಿಜ್ ಮೇಲೆ ಅಂಟಿಸಿದೆ. ಮೂರನೇ ವಾರ ಮಗಳ ಗಣಿತದ ನೋಟ್‌ಬುಕ್ ಕಾಣೆಯಾಯಿತು. ಮನೆಯೆಲ್ಲ ಹುಡುಕಿದೆವು, ಸಿಗಲಿಲ್ಲ. ನಾಲ್ಕು ದಿನ ಬಿಟ್ಟು ನಮ್ಮ ಅತ್ತೆ ಗಿರಣಿಗೆ ಅಂತ ಜೋಳ ತೆಗೆಯಲು ಹೋದಾಗ ಡಬ್ಬಿಯ ತಳದಲ್ಲಿ ಸಿಕ್ಕಿತು. ಕೂಸು ತಾನೇ ಹೂತಿಟ್ಟಿತ್ತು. ಅತ್ತೆ ಅವಳಿಗೆ ಬೈಯಲಿಲ್ಲ. ನೋಟ್‌ಬುಕ್ಕಿನ ಧೂಳು ಕೊಡವಿ ನನ್ನ ಕೈಗೆ ಕೊಟ್ಟು, "ಸಾಲಿ ಬ್ಯಾಡ ಅಂದಿ. ಮತ್ತ ಸಾಲೀನ ಮನಿಗೆ ತಂದಿಯಲ್ಲವಾ" ಅಂದರು.

ಅವತ್ತೇ ಆ ಹಾಳೆ ತೆಗೆದೆ. ಈಗ ಗಟ್ಟಿಯಾಗಿ ಕೂರುವುದು ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಮಾತ್ರ. ಕನ್ನಡ ಅರ್ಧ ಗಂಟೆ, ಗಣಿತ ಅರ್ಧ ಗಂಟೆ, ಇಂಗ್ಲಿಷ್ ಓದು ಅರ್ಧ ಗಂಟೆ. ನಮ್ಮವರು ಇನ್ನೂ ಅಲ್ಲಿನ ಕಂಪನಿಗೇ ಕೆಲಸ ಮಾಡುವುದರಿಂದ ಮಲಗುವುದು ರಾತ್ರಿ ಎರಡು ಗಂಟೆಗೆ. ಅವರು ಏಳುವವರೆಗೆ ಮನೆ ಶಾಂತ. ಅಷ್ಟೊತ್ತಿಗೆ ನಮ್ಮ ಪಾಠ ಮುಗಿದಿರುತ್ತದೆ.

ಹತ್ತರ ನಂತರದ ಹೊತ್ತನ್ನು ಊರಿಗೆ ಬಿಟ್ಟಿದ್ದೇವೆ. ನಮ್ಮ ವಾರ ಶುರುವಾಗುವುದು ಸೋಮವಾರ ಅಲ್ಲ, ಮಂಗಳವಾರದ ಸಂತೆಯಿಂದ. ಸುತ್ತಲಿನ ಹಳ್ಳಿಯವರು ಕಾಯಿಪಲ್ಲೆ ತಂದು ಸಾಲಾಗಿ ಕೂತಿರುತ್ತಾರೆ. ಚೀಟಿ ಮಗಳೇ ಬರೆಯಬೇಕು. ನೂರು ರೂಪಾಯಿ ಅವಳ ಕೈಯಲ್ಲೇ ಇರುತ್ತದೆ. ಮೆಂತೆ ಪಲ್ಲೆ ಎರಡು ಸೂಡು, ಉಳ್ಳಾಗಡ್ಡಿ ಅರ್ಧ ಕಿಲೋ, ಬದನೆಕಾಯಿ ಪಾವ್ ಕಿಲೋ. ಈ ಪಾವ್ ಕಿಲೋ ಅನ್ನುವುದು ಅವಳಿಗೆ ಬಹಳ ದಿನ ತಲೆಗೆ ಹೋಗಿರಲಿಲ್ಲ. ಅರ್ಧದ ಅರ್ಧ ಅಂತ ನಾನು ಹಾಳೆ ಮಡಚಿ ತೋರಿಸಿದ್ದೆ, ರೊಟ್ಟಿ ಮುರಿದು ತೋರಿಸಿದ್ದೆ. ಹೂಂ ಅನ್ನುತ್ತಿದ್ದಳು, ಮತ್ತೆ ಮರೆಯುತ್ತಿದ್ದಳು.

ಒಂದು ಮಂಗಳವಾರ ಬದನೆಕಾಯಿ ಮಾರುವ ಅಜ್ಜಿಯನ್ನೇ ಕೇಳಿದಳು, "ಪಾವ್ ಅಂದ್ರೆ ಎಷ್ಟು?" ಅಜ್ಜಿ ಅರ್ಧ ಕಿಲೋ ಕಲ್ಲಿಟ್ಟು ಬದನೆಕಾಯಿ ತೂಗಿದರು. ಆಮೇಲೆ ಕಲ್ಲು ತೆಗೆದು ಪಕ್ಕಕ್ಕಿಟ್ಟರು. ಈ ತಟ್ಟೆಯಿಂದ ಒಂದೊಂದೇ ಬದನೆಕಾಯಿ ಎತ್ತಿ ಆ ತಟ್ಟೆಗೆ ಹಾಕುತ್ತಾ ಹೋದರು. ತಕ್ಕಡಿ ಓಲಾಡಿ ಓಲಾಡಿ ಸಮ ಆಯಿತು. "ಈಗ ನೋಡವಾ. ಇದೂ ಪಾವ್ ಕಿಲೋ, ಅದೂ ಪಾವ್ ಕಿಲೋ." ಕಲ್ಲೇ ಇಲ್ಲದೆ ಎರಡೂ ಕಡೆ ತೂಕ ಬಂದಿದ್ದು ನೋಡಿ ಮಗಳು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಇನ್ನೊಮ್ಮೆ ಮಾಡ್ರಿ ಅಂದಳು. ಗಿರಾಕಿಗಳು ನಿಂತಿದ್ದರೂ ಅಜ್ಜಿ ಮತ್ತೊಮ್ಮೆ ಮಾಡಿ ತೋರಿಸಿದರು. ಅವರ ಋಣ ನನ್ನ ಮೇಲಿದೆ. ಅವತ್ತಿನಿಂದ ಕಾಲು, ಅರ್ಧ, ಮುಕ್ಕಾಲು ನಾನು ಹೇಳಿಕೊಡುವ ಕೆಲಸವೇ ಬರಲಿಲ್ಲ.

ಬುಧವಾರ, ಗುರುವಾರ ಹೀಗೆ ಹೇಳಿಕೊಳ್ಳುವಂಥದ್ದು ಇಲ್ಲ. ಅಡುಗೆಮನೆ, ಹಿತ್ತಲು, ಬಣ್ಣ, ಮಧ್ಯಾಹ್ನದ ನಿದ್ದೆ. ಶುಕ್ರವಾರ ನಮ್ಮ ಅತ್ತೆ ಹೇಳುವ ಕಥೆ. ಅದನ್ನು ಮರುದಿನ ನಾಲ್ಕು ಸಾಲಲ್ಲಿ ಬರೆಯಬೇಕು.

ಶನಿವಾರ ಅಪ್ಪನ ದಿನ. ಇಬ್ಬರೂ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಾರೆ. ಇಲ್ಲಿಗೆ ಬಂದಾಗ ಮಗಳಿಗೆ ಕನ್ನಡ ಮಾತು ಚೆನ್ನಾಗಿತ್ತು, ಓದು ಸೊನ್ನೆ. ವರ್ಣಮಾಲೆಯ 49 ಅಕ್ಷರ ಎರಡು ತಿಂಗಳಲ್ಲಿ ಬಂತು, ಕಾಗುಣಿತವೂ ಬಂತು. ನಿಂತಿದ್ದು ಒತ್ತಕ್ಷರದಲ್ಲಿ. ಅದನ್ನು ಬಿಡಿಸಿದ್ದು ಬಸ್ಸಿನ ಬೋರ್ಡು. "ಹುಬಳಿ" ಅಂತ ಓದುತ್ತಿದ್ದವಳು ಒಂದು ದಿನ, "ಅಪ್ಪಾ, ಕೆಳಗೆ ಮರಿ ಬ ಇದೆ, ಮರಿ ಳ ಇದೆ" ಅಂದಳಂತೆ. ಮುಂದೆ ಸತ್ತೂರು ಬಂದಾಗ ಜಗಳಕ್ಕೇ ನಿಂತಳು. ಇದು ಮರಿ ತ ಅಲ್ಲವೇ ಅಲ್ಲ ಅಂತ. ನಿಜ ಅಲ್ವಾ? ತ, ನ, ಮ, ಯ, ರ, ಲ ಒತ್ತಾದಾಗ ರೂಪವೇ ಬದಲಾಗುತ್ತದೆ. ನಾವು ದೊಡ್ಡವರು ಗಮನಿಸುವುದೇ ಇಲ್ಲ. ಅವರಿಬ್ಬರೂ ಸೇರಿ ಆ ಆರಕ್ಕೆ ಮಾತ್ರ ಬೇರೆ ಪಟ್ಟಿ ಮಾಡಿದರು. ಮನೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವವರು ಮೊದಲು ಬ್ಬ, ಳ್ಳ, ಕ್ಕ, ಪ್ಪ ಹೇಳಿಕೊಡಿ, ಈ ಆರನ್ನು ಆಮೇಲೆ ತನ್ನಿ. ಬಹಳ ಸಲೀಸಾಗುತ್ತದೆ.

ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಒಂದು ಶನಿವಾರ ಅದನ್ನು ಹೆಜ್ಜೆಯಲ್ಲಿ ಅಳೆದರು. ನೂರು ಹೆಜ್ಜೆಗೆ ಒಂದು ಹುಣಸೆಬೀಜ ಜೇಬಿಗೆ. ಕೊನೆ ಮುಟ್ಟಿದಾಗ 33 ಬೀಜ, ಮೇಲೆ 41 ಹೆಜ್ಜೆ. ಮನೆಗೆ ಬಂದು ಅಪ್ಪ ಭಾಗಿಸಿದರೆ ಒಂದು ಹೆಜ್ಜೆಗೆ 45 ಸೆಂಟಿಮೀಟರ್ ಬಂತು. ನೆಲದ ಮೇಲೆ ಟೇಪ್ ಹಿಡಿದು ಅವಳ ಹೆಜ್ಜೆ ಅಳೆದರು. ಸರಿಯಾಗಿ ಅಷ್ಟೇ! ಆ ಬೀಜಗಳು ಇನ್ನೂ ಡಬ್ಬಿಯಲ್ಲಿವೆ.

ಕಾನೂನಿನ ವಿಷಯ ಜಾಸ್ತಿ ಜನ ಕೇಳಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅಂತ ಅದರಲ್ಲಿದೆ, ಸೇರಿಸದ ಪಾಲಕರಿಗೆ ಶಿಕ್ಷೆ ಅಂತ ಇಲ್ಲ. ಮುಂದೆ ಸರ್ಟಿಫಿಕೇಟ್ ಬೇಕಾದರೆ ಎನ್‌ಐಒಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಇದೆ. ಅದರ ಎ, ಬಿ, ಸಿ ಹಂತಗಳು 3, 5, 8ನೇ ತರಗತಿಗೆ ಸಮ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ಜರ್ಮನಿಯಲ್ಲಿರುವವರು ಮಾತ್ರ ಅಲ್ಲೇ ಶುರು ಮಾಡಲು ಹೋಗಬೇಡಿ, ಅಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು.

ಈಗ ನನ್ನನ್ನು ಕಾಡುವ ಒಂದು ವಿಷಯ. ಜೊತೆ ಮಕ್ಕಳು. ನಮ್ಮ ಓಣಿಯ ಹುಡುಗರು ಸಾಲಿ ಬಿಟ್ಟು ಬರುವುದು ನಾಲ್ಕೂವರೆಗೆ. ನಾಲ್ಕು ಗಂಟೆಗೇ ಮಗಳು ಕಟ್ಟೆಯ ಮೇಲೆ ಕೂತಿರುತ್ತಾಳೆ, ಚಪ್ಪಲಿ ಹಾಕಿಕೊಂಡು. ಅವರು ಬಂದರೆ ಕತ್ತಲಾಗುವವರೆಗೆ ಆಟ. ಪರೀಕ್ಷೆ ಬಂತೆಂದರೆ ಎಲ್ಲರೂ ಟ್ಯೂಷನ್‌ಗೆ ಹೋಗುತ್ತಾರೆ, ಇವಳು ಒಬ್ಬಳೇ. ಆ ಹದಿನೈದು ದಿನ ನನಗೆ ಹೊಟ್ಟೆಯಲ್ಲಿ ಸಂಕಟ. ಭಾನುವಾರ ಊರಲ್ಲಿರುವ ಇನ್ನೆರಡು ಮನೆಯ ಮಕ್ಕಳ ಜೊತೆ ಕೆಲಗೇರಿ ಕೆರೆಗೆ ಹೋಗುತ್ತೇವೆ. ಅದು ಸಾಲುವುದಿಲ್ಲ. ಜೂನ್‌ನಲ್ಲಿ ಅವಳನ್ನೇ ಕೇಳುತ್ತೇವೆ. ಹೋಗ್ತೀನಿ ಅಂದರೆ ಹತ್ತಿರದ ಕನ್ನಡ ಶಾಲೆಗೆ ಹೆಸರು ಹಚ್ಚುತ್ತೇವೆ.

ಡಿಸೆಂಬರ್ ರಜೆಗೆ ಈ ಕಡೆ ಬರುವವರು ತಿಳಿಸಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಆಗ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ, ಮಕ್ಕಳನ್ನು ಕರೆದುಕೊಂಡು ಒಟ್ಟಿಗೆ ಹೋಗೋಣ. ಆದರೆ ಮಂಗಳವಾರ ಬೇಡ. ಅವತ್ತು ಸಂತೆ. ಬಂದವರು ನಮ್ಮ ಜೊತೆ ಚೀಲ ಹಿಡಿದು ಅಲ್ಲಿಗೇ ಬನ್ನಿ.