ಸಹಾಯ ಬೇಕು: ಬ್ರಿಟನ್ನಿನ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್, ಆರೈಕೆದಾರರಿಗಿರುವ ಕೆಲಸದ ಗಂಟೆಗಳ ವಿನಾಯಿತಿ

ಲೆಸ್ಟರ್‌ನಲ್ಲಿರುವ ನನ್ನ ಅಕ್ಕ ಮತ್ತು ಭಾವನ ಪರವಾಗಿ ಕೇಳುತ್ತಿದ್ದೇನೆ. ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್ ಎಂದರೆ ಕಡಿಮೆ ಆದಾಯದ ದುಡಿಯುವವರಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ ನೆರವಿನ ಹಣ. ಆ ಟ್ಯಾಕ್ಸ್ ಕ್ರೆಡಿಟ್ ವ್ಯವಸ್ಥೆ 2025ರ ಏಪ್ರಿಲ್ 5ಕ್ಕೆ ಮುಗಿದಿದ್ದರೂ, 2024-25ರಲ್ಲಿ ಪಡೆದ ಹಣದಲ್ಲಿ ಒಂದು ಭಾಗವನ್ನು ಹಿಂತಿರುಗಿಸಬೇಕೆಂಬ ಪತ್ರ ಅವರಿಗೆ ಬಂದಿದೆ. ಮಕ್ಕಳಿರುವ ದಂಪತಿ ಒಟ್ಟಾಗಿ ವಾರಕ್ಕೆ 24 ಗಂಟೆ ದುಡಿಯಬೇಕಿತ್ತು, ಭಾವ ದುಡಿದದ್ದು 18 ಗಂಟೆ ಮಾತ್ರ ಎಂಬುದು ಅದರಲ್ಲಿರುವ ಕಾರಣ.

ಆದರೆ ದಂಪತಿಯಲ್ಲಿ ಒಬ್ಬರು ಕೇರರ್ಸ್ ಅಲೋಯನ್ಸ್‌ಗೆ (ಅಂಗವೈಕಲ್ಯದ ಭತ್ಯೆ ಪಡೆಯುವವರನ್ನು ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುವವರಿಗೆ ಸಿಗುವ ಸರ್ಕಾರಿ ಭತ್ಯೆ) ಅರ್ಹರಾಗಿದ್ದರೆ ಇನ್ನೊಬ್ಬರು 16 ಗಂಟೆ ದುಡಿದರೆ ಸಾಕೆಂಬ ವಿನಾಯಿತಿ 2012ರಿಂದಲೂ ಇತ್ತು. ಆಟಿಸಂ ಇರುವ ಮಗನನ್ನು ಅಕ್ಕ ವಾರಕ್ಕೆ 35 ಗಂಟೆಗಿಂತ ಬಹಳ ಹೆಚ್ಚು ಹೊತ್ತು ನೋಡಿಕೊಳ್ಳುತ್ತಾಳೆ. ರಾತ್ರಿಯ ನಿದ್ದೆಯೂ ಅವಳ ಪಾಲಿಗಿಲ್ಲ. ಮಗನಿಗೆ ಡಿಸಬಿಲಿಟಿ ಲಿವಿಂಗ್ ಅಲೋಯನ್ಸ್‌ (ಅಂಗವೈಕಲ್ಯದ ಭತ್ಯೆ) ಅಡಿಯಲ್ಲಿ ಮಧ್ಯಮ ದರದ ಆರೈಕೆ ಭತ್ಯೆ ಮಂಜೂರಾದದ್ದು ತಡವಾಗಿ. ಆ ತೀರ್ಮಾನ ಬಂದ ಮೂರು ತಿಂಗಳೊಳಗೆ ಅಕ್ಕ ಕೇರರ್ಸ್ ಅಲೋಯನ್ಸ್‌ಗೆ ಅರ್ಜಿ ಹಾಕಿದ್ದರಿಂದ, ಅವಳ ಭತ್ಯೆಯನ್ನೂ ಮಗನ ಭತ್ಯೆ ಆರಂಭವಾದ ದಿನಾಂಕದಿಂದಲೇ ಕೊಟ್ಟಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ: ಹೀಗೆ ಹಿಂದಿನ ದಿನಾಂಕದಿಂದ ದೊರೆತ ಅರ್ಹತೆಯು ಆ ತಿಂಗಳುಗಳ 16 ಗಂಟೆಯ ವಿನಾಯಿತಿಗೂ ಅನ್ವಯಿಸುತ್ತದೆಯೇ? ಅನ್ವಯಿಸಬೇಕೆಂಬುದು ನನ್ನ ಬಲವಾದ ನಂಬಿಕೆ, ಏಕೆಂದರೆ ಆರೈಕೆಯಂತೂ ಆಗಲೂ ನಡೆದೇ ಇತ್ತು. ಮರುಪರಿಶೀಲನೆ ಕೋರಲು 30 ದಿನಗಳ ಗಡುವಿದೆ. ಇಂಥ ಪ್ರಕರಣ ನಡೆಸಿದ ಅನುಭವವಿರುವವರು ಅಥವಾ ಅಲ್ಲಿ ಕಲ್ಯಾಣ ಸವಲತ್ತುಗಳ ಸಲಹೆಗಾರರಾಗಿರುವ ಕನ್ನಡಿಗರು, ಮನವಿಯ ಜೊತೆಗೆ ಯಾವ ದಾಖಲೆಗಳನ್ನು ಲಗತ್ತಿಸಬೇಕೆಂದು ದಯವಿಟ್ಟು ತಿಳಿಸಿ.