‘ಜಸ್ಟಿಫೈ’ಗೆ ‘ಜಗ್ಗು’ ಅನ್ನಬಹುದೇ?

ಗೆಳೆಯರೇ,

ಧಾರವಾಡದ ಹೈಸ್ಕೂಲ್ ಮಕ್ಕಳಿಗಾಗಿ ಕಂಪ್ಯೂಟರಿನ ಮೈಕ್ರೋಸಾಫ್ಟ್ ವರ್ಡ್ ಕಲಿಸುವ ಕೈಪಿಡಿಯೊಂದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸಾಲು ಹೊಂದಿಸುವ ಪಾಠದಲ್ಲಿ ಒಂದು ಪದ ಕೈಗೆ ಸಿಗುತ್ತಿಲ್ಲ.

ಮೂರಕ್ಕೆ ತಕರಾರಿಲ್ಲ. ಕಂಟ್ರೋಲ್ ಜೊತೆ ಎಲ್ ಒತ್ತಿದರೆ ಎಡಕ್ಕೆ, ಆರ್ ಒತ್ತಿದರೆ ಬಲಕ್ಕೆ, ಇ ಒತ್ತಿದರೆ ನಡುವಿಗೆ. ‘ಎಡಕ್ಕೆ ಹೊಂದಿಸು’ ಅಂದರೆ ಮಕ್ಕಳಿಗೆ ತಿಳಿಯುತ್ತದೆ. ತೊಡಕು ಜೆ ಒತ್ತಿದಾಗಿನದು, ಅಂದರೆ ಜಸ್ಟಿಫೈ. ನಿಘಂಟು ತೆಗೆದರೆ ‘ಸಮರ್ಥಿಸು’ ಅಂತಿದೆ. ವಾದಕ್ಕೆ ಅದು ಸರಿ, ಸಾಲಿಗೆ ಹೇಗೆ ಹೊಂದೀತು? ‘ಎರಡೂ ಬದಿ ಸಮ ಮಾಡು’ ಅನ್ನಬಹುದು. ಆದರೆ ಸಮ ಆಗಿದ್ದು ಹೇಗೆ ಅಂತ ಅದರಲ್ಲಿ ಇಲ್ಲ.

ಹುಬ್ಬಳ್ಳಿಯ ಡಿಟಿಪಿ ಅಂಗಡಿಯೊಂದರಲ್ಲಿ ‘ಸಾಲು ಎರಡೂ ಕಡೆ ಜಗ್ಗಿ ಕುಂದರಸ್ರಿ’ ಅಂದದ್ದು ಕೇಳಿದೆ. ನನಗೆ ಇದೇ ಹಿಡಿಸಿತು. ಕಂಪ್ಯೂಟರ್ ಮಾಡುವುದೂ ಅದನ್ನೇ ಅಲ್ವಾ? ಪದಗಳ ನಡುವಿನ ಜಾಗ ಜಗ್ಗಿ, ಸಾಲನ್ನು ಬಲ ಅಂಚಿಗೆ ಮುಟ್ಟಿಸುತ್ತದೆ. ಪ್ಯಾರಾದ ಕೊನೆ ಸಾಲನ್ನು ಹಾಗೇ ಬಿಡುತ್ತದೆ. ಆದರೆ ವರ್ಡ್‌ನಲ್ಲಿ ಜಸ್ಟಿಫೈ ಇಟ್ಟು, ಎರಡೇ ಪದ ಹೊಡೆದು ಶಿಫ್ಟ್ ಎಂಟರ್ ಒತ್ತಿ ನೋಡಿ. ಸಾಲು ಮುರಿಯುತ್ತದೆ, ಪ್ಯಾರಾ ಮುಗಿಯುವುದಿಲ್ಲ. ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ! ‘ಜಗ್ಗು’ ಅಂತ ಕಲಿತ ಹುಡುಗನಿಗೆ ಇದು ಯಾಕಾಯ್ತು ಅಂತ ಬೇರೆ ಹೇಳಬೇಕಿಲ್ಲ.

ಕನ್ನಡದಲ್ಲಂತೂ ಈ ಜಗ್ಗಾಟ ಜಾಸ್ತಿ. ನಮ್ಮ ಪದಗಳು ಉದ್ದ. ‘ಮಹಾನಗರಪಾಲಿಕೆಯವರಿಂದಲೇ’ ಎಂಬಂಥದ್ದು ಸಾಲಿನ ಕೊನೆಯಲ್ಲಿ ಹಿಡಿಯದಿದ್ದರೆ ಇಡಿಯಾಗಿ ಕೆಳಗಿಳಿಯುತ್ತದೆ. ಮೇಲೆ ಉಳಿದ ಎರಡು ಮೂರು ಪದಗಳ ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಸಂದಿ. ಎರಡು ಕಾಲಂ ಮಾಡಿದರೆ ಕೇಳುವುದೇ ಬೇಡ. ಅಂಥ ಕಡೆ ಸುಮ್ನೆ ಎಡಕ್ಕೆ ಹೊಂದಿಸಿ ಬಿಡಿ ಅಂತಲೇ ಕೈಪಿಡಿಯಲ್ಲಿ ಬರೆದಿದ್ದೇನೆ.

ನನ್ನ ಅನುಮಾನ ಒಂದೇ. ಮೈಸೂರು ಕಡೆ ನಮ್ಮ ‘ಜಗ್ಗು’ವಿಗೆ ‘ಎಳೆ’ ಅಂತಾರೆ. ಅಲ್ಲಿ ‘ಜಗ್ಗು’ ಅಂದರೆ ಬಾಗು, ಮಣಿ. ‘ಬೆದರಿಕೆಗೆ ಜಗ್ಗಲಿಲ್ಲ’ ಅಂತ ಪತ್ರಿಕೆಯಲ್ಲೂ ಬರುತ್ತದೆ. ಅಲ್ಲಿಯವರು ‘ಸಾಲು ಜಗ್ಗು’ ಅಂತ ಓದಿದರೆ, ಸಾಲು ಕೆಳಗೆ ಬಾಗುತ್ತದೆ ಅಂದುಕೊಂಡಾರೇ? ‘ಇಬ್ಬದಿ ಎಳೆ’ ಅಂದರೆ ಎಲ್ಲರಿಗೂ ನಡೆದೀತೇ?

ಗದಗ-ಬೆಟಗೇರಿಯ ಹಳೆಯ ಪ್ರೆಸ್‌ಗಳಲ್ಲಿ ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸಿದವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಆಗ ಇದನ್ನೆಲ್ಲ ಕೈಯಲ್ಲೇ ಮಾಡಬೇಕಿತ್ತು. ಪದಗಳ ನಡುವೆ ಖಾಲಿ ಮೊಳೆ ತುರುಕಿ ಸಾಲನ್ನು ಬಿಗಿ ಮಾಡದಿದ್ದರೆ ಅಕ್ಷರಗಳು ನಿಲ್ಲುತ್ತಿರಲಿಲ್ಲ. ಆ ಕೆಲಸಕ್ಕೆ ಅವರು ಏನನ್ನುತ್ತಿದ್ದರು?