ಚೀನೀ ವಿದ್ಯಾರ್ಥಿಗಳ ಪ್ರಬಂಧದಲ್ಲಿ ಎಲ್ಲೆಲ್ಲೂ ‘ಶುಡ್’, ಮಾತಿನಲ್ಲಿ ಬರೀ ‘ಕ್ಯಾನ್’. ಯಾಕೆ?

ಅಲೆಮಾರಿ ಮೇಷ್ಟ್ರು:
ನಾನು ಚೀನಾದ ಶಿಆನ್‌ನಲ್ಲಿ ಕಾಲೇಜು ಹುಡುಗರಿಗೆ ಇಂಗ್ಲಿಷ್ ಬರವಣಿಗೆ ಕಲಿಸುತ್ತೇನೆ. ವ್ಯಾಕರಣದಲ್ಲಿ ಗಟ್ಟಿಗರು. ಆದರೆ ಪ್ರಬಂಧ ತಿದ್ದಲು ಕೂತರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ‘ವಿ ಶುಡ್ ಪ್ರೊಟೆಕ್ಟ್ ದಿ ಎನ್ವಿರಾನ್ಮೆಂಟ್’, ‘ದಿ ಗವರ್ನಮೆಂಟ್ ಮಸ್ಟ್ ಟೇಕ್ ಮೆಷರ್ಸ್’, ‘ಇಟ್ ವಿಲ್ ಮೇಕ್ ಅವರ್ ಲೈಫ್ ಬೆಟರ್’. ‘ಮೈಟ್’ ಹುಡುಕಿದರೂ ಸಿಗುವುದಿಲ್ಲ. ‘ವುಡ್’ ಬಂದರೆ ‘ವುಡ್ ಲೈಕ್ ಟು’ ಜೊತೆ ಮಾತ್ರ.

ಅದೇ ಹುಡುಗರು ಮಾತಿಗೆ ಕೂತರೆ ಈ ಜೋರೆಲ್ಲ ಮಾಯ. ‘ಮೇಬಿ ಐ ಕ್ಯಾನ್’, ‘ಐ ಥಿಂಕ್ ಮೇಬಿ ಯು ಕ್ಯಾನ್’, ಇಷ್ಟರಲ್ಲೇ ಸುತ್ತುತ್ತಾರೆ. ಒಬ್ಬ ಹುಡುಗಿ, ಬಹಳ ವಿನಯದವಳು, ನನಗೆ ಮೇಲ್ ಕಳಿಸಿದ್ದಳು: ‘ಯು ಹ್ಯಾಡ್ ಬೆಟರ್ ರೀಡ್ ಮೈ ಡ್ರಾಫ್ಟ್ ಬಿಫೋರ್ ಫ್ರೈಡೇ.’ ಓದದಿದ್ದರೆ ಏನು ಕಾದಿದೆಯೋ ಎಂದು ಗಾಬರಿಯೇ ಆಯಿತು ನೋಡಿ!

ವ್ಯಾಕರಣದ ತಪ್ಪು ಇದರಲ್ಲಿ ಒಂದೂ ಇಲ್ಲ. ಹಾಗಾದರೆ ನಾನು ತಿದ್ದಬೇಕಾದ್ದು ಏನನ್ನು?

ಹಳೇ ನಿಘಂಟು:
ಮೇಷ್ಟ್ರೇ, ನಾನು ಚೀನಾದ ಮುಖ್ಯ ಭಾಷೆ ಮ್ಯಾಂಡರಿನ್ ಕಲಿತವನು. ಅವರಿಗೆ ‘ಕ್ಯಾನ್’ ಯಾಕೆ ಹಿತ ಎನ್ನುವುದು ಸುಲಭ. ಈಜು ಕಲಿತಿದ್ದೇನೆ ಎನ್ನಲು ‘ಹ್ವೇ’. ಇವತ್ತು ಮೈ ಹುಷಾರಾಗಿದೆ, ಈಜಬಲ್ಲೆ ಎನ್ನಲು ‘ನಂಗ್’. ಇಲ್ಲಿ ಈಜಲು ಅಡ್ಡಿಯಿಲ್ಲ ಎನ್ನಲು ‘ಖ-ಯಿ’. ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ‘ಕ್ಯಾನ್’ ಸಾಕು. ಕಲಿಯುವವರಿಗೆ ಇನ್ನೇನು ಬೇಕು?

ಕಷ್ಟ ಶುರುವಾಗುವುದು ‘ಕುಡ್’, ‘ವುಡ್’, ‘ಮೈಟ್’ ಹತ್ತಿರ. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದೇ ಇಲ್ಲ. ಮೊದಲು ಕಲಿಯುವುದು ‘ಕುಡ್’ ಅಂದರೆ ‘ಕ್ಯಾನ್’ನ ಭೂತಕಾಲ ಎಂದು. ನಾಳೆಯ ಸಂಗತಿಯನ್ನು ಮೆತ್ತಗೆ ಹೇಳಲು ನಿನ್ನೆಯ ರೂಪ ಹಾಕಬೇಕು ಎಂದರೆ ಅವರಿಗೆ ವಿಚಿತ್ರ. ಯೋಚಿಸಿದರೆ ವಿಚಿತ್ರವೇ ಅಲ್ವಾ?

ಹಾಗಂತ ಅವರಿಗೆ ಅನುಮಾನ ಹೇಳಲು ಬರುವುದಿಲ್ಲ ಎಂದಲ್ಲ. ‘ಖ-ನಂಗ್’ ಎಂಬ ಪದವನ್ನು ಕ್ರಿಯಾಪದದ ಮುಂದೆ ಇಟ್ಟರೆ ಅವರ ಕೆಲಸ ಆಯಿತು. ಅದೇ ಇಂಗ್ಲಿಷಿನಲ್ಲಿ ‘ಮೇಬಿ’ ಆಗಿ ಬರುತ್ತದೆ. ಪ್ರಬಂಧದಲ್ಲಿ ‘ಮೇಬಿ’ ಕಂಡರೆ ಇದು ಮಾತಿನ ಪದ ಎಂದು ನೀವೇ ಹೊಡೆದು ಹಾಕುತ್ತೀರಿ. ಆ ಜಾಗಕ್ಕೆ ಇನ್ನೇನು ಹಾಕಬೇಕು ಎಂದು ಯಾರೂ ಹೇಳಿರುವುದಿಲ್ಲ. ಸುಮ್ನೆ ‘ವಿಲ್’ ಬಂದು ಕೂರುತ್ತದೆ.

ಮಾತಿನಲ್ಲಿ ಇನ್ನೊಂದು ತೊಡಕಿದೆ. ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ‘ನ್’, ‘ಙ್’, ‘ರ್’ ಬಿಟ್ಟು ಬೇರೆ ವ್ಯಂಜನ ಬರುವುದಿಲ್ಲ. ಹಾಗಾಗಿ ‘ಐಡ್ ಲೈಕ್’ನ ನಡುವಿನ ‘ಡ್’ ಕಿವಿಗೂ ಬೀಳುವುದಿಲ್ಲ, ಬಾಯಿಗೂ ಬರುವುದಿಲ್ಲ. ‘ಐ ಲೈಕ್’ ಅಷ್ಟೇ ಉಳಿಯುತ್ತದೆ. ‘ವುಡ್’ ಅಲ್ಲೇ ಇತ್ತು, ಆದರೆ ಅದನ್ನು ಅವರು ಕೇಳಿಸಿಕೊಂಡೇ ಇಲ್ಲ.

ಪದಸಂತೆ:
ಭಾಷೆಯೊಂದನ್ನೇ ದೂರಬೇಡಿ, ಪರೀಕ್ಷೆಯನ್ನೂ ನೋಡಿ. ಸಿಇಟಿ-4 ಇದೆಯಲ್ಲ (ನಮ್ಮ ಸಿಇಟಿ ಅಲ್ಲ, 1987ರಿಂದ ನಡೆಯುತ್ತಿರುವ ಅವರ ಕಾಲೇಜ್ ಇಂಗ್ಲಿಷ್ ಟೆಸ್ಟ್), ಅದರಲ್ಲಿ 30 ನಿಮಿಷಕ್ಕೆ 120ರಿಂದ 180 ಪದ ಬರೆಯಬೇಕು. ಮಕ್ಕಳು ಉರು ಹೊಡೆಯುವ ಅಚ್ಚು ಒಂದೇ: ಸಮಸ್ಯೆ, ಕಾರಣ, ಕೊನೆಗೆ ಪರಿಹಾರ. ಪರಿಹಾರ ಹೇಳು ಎಂದಮೇಲೆ ‘ಶುಡ್’ ಇಲ್ಲದೆ ಹೇಗೆ?

ಇದರ ಮೇಲಿನ ಅಧ್ಯಯನಗಳನ್ನು ಓದುವಾಗಲೂ ಇದು ನೆನಪಿರಲಿ. ಅವು ನೋಡುವುದು ಕಲಿಯುವವರ ಇಂಗ್ಲಿಷನ್ನು ಕೂಡಿಟ್ಟ ಸಂಗ್ರಹಗಳನ್ನು. ಗುಯಿ ಶಿಚುನ್ ಮತ್ತು ಯಾಂಗ್ ಹುಯಿಜೋಂಗ್ 2003ರಲ್ಲಿ ಹೊರತಂದ ಸಂಗ್ರಹ ಸುಮಾರು 10 ಲಕ್ಷ ಪದಗಳದ್ದು. ಅದು ವಿದ್ಯಾರ್ಥಿಗಳು ಬರೆದದ್ದು. ಮಾತಿಗೆ ಜಾಸ್ತಿ ಜನ ನೋಡುವುದು ವೆನ್ ಚಿಯುಫಾಂಗ್ ತಂಡದ 2005ರ ಸಂಗ್ರಹ. ಅದರ ಮಾತಿನ ಭಾಗ ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ಓದುವವರ ಮೌಖಿಕ ಪರೀಕ್ಷೆಯ ಟೇಪು: ಕೇಳಿದ ಕಥೆ ಹೇಳು, ಒಂದು ವಿಷಯದ ಬಗ್ಗೆ ಮಾತಾಡು, ಇಬ್ಬರು ಸೇರಿ ಸಂಭಾಷಣೆ ಮಾಡಿ. ಗಡಿಯಾರ ನೋಡಿಕೊಂಡು ಆಡುವ ಮಾತು. ಕೈಗೆ ಸಿಕ್ಕಿದ ‘ಕ್ಯಾನ್’ ಬಿಟ್ಟು ‘ಮೈಟ್’ ಹುಡುಕಲು ಪುರುಸೊತ್ತು ಎಲ್ಲಿ?

ಹೈಲ್ಯಾಂಡ್ ಮತ್ತು ಮಿಲ್ಟನ್ ಎಂಬ ಸಂಶೋಧಕರು 1997ರಲ್ಲಿ ಹಾಂಗ್‌ಕಾಂಗ್ ಮತ್ತು ಬ್ರಿಟನ್ ವಿದ್ಯಾರ್ಥಿಗಳ ಬರವಣಿಗೆಯನ್ನು ಹೋಲಿಸಿದರು. ಅನುಮಾನ, ಖಾತ್ರಿ ಹೇಳಲು ಹಾಂಗ್‌ಕಾಂಗ್‌ನವರು ಬಳಸುವ ಪದಗಳು ಕಡಿಮೆ, ಹೇಳುವ ಧಾಟಿ ಖಡಾಖಂಡಿತ. ಅಲ್ಲಿಯ ಮಕ್ಕಳ ಮನೆಮಾತು ಕ್ಯಾಂಟನೀಸ್ ಎಂಬ ಬೇರೊಂದು ಚೀನೀ ಭಾಷೆ. ಅಂದರೆ ಇದು ಮ್ಯಾಂಡರಿನ್ನಿಗೆ ಮಾತ್ರ ಅಂಟಿದ್ದಲ್ಲ.

ಸುಮ್ನಿರಿ:
‘ಶುಡ್’ ಬರೆದರೆ ಪಾಸಾಗುತ್ತಾರೆ ತಾನೆ? ಪರೀಕ್ಷೆ ಮುಗಿಯುವ ತನಕ ಬಿಟ್ಟುಬಿಡಿ ಸರ್.

ಅಲೆಮಾರಿ ಮೇಷ್ಟ್ರು:
ಬಿಡಬಹುದು. ಆದರೆ ಇವರೇ ಆಮೇಲೆ ಎಂಜಿನಿಯರಿಂಗ್ ಸಂಶೋಧನಾ ಪೇಪರ್ ಬರೆಯುತ್ತಾರೆ. ‘ದಿಸ್ ಮೆಥಡ್ ವಿಲ್ ಸಾಲ್ವ್ ದಿ ಪ್ರಾಬ್ಲಮ್’ ಎಂದು ಬರೆದರೆ, ಎಲ್ಲಿ ತೋರಿಸು ಎಂದು ರಿವ್ಯೂ ಮಾಡುವವರು ಹಿಡಿದುಕೊಳ್ಳುತ್ತಾರೆ. ಹಾಗಾಗಿ ‘ಶುಡ್’ ತಂಟೆಗೆ ಹೋಗುವುದಿಲ್ಲ, ಅದು ಪರೀಕ್ಷೆಗೆ ಬೇಕಾದ್ದು. ‘ವಿಲ್’ ಮತ್ತು ‘ಮಸ್ಟ್’ ಮಾತ್ರ ಅಡಿಗೆರೆ ಎಳೆದು, ‘ಇದು ನಿನಗೆ ಎಷ್ಟು ಖಾತ್ರಿ?’ ಎಂದು ಚೀನೀ ಭಾಷೆಯಲ್ಲೇ ಬರೆಯಿಸುತ್ತೇನೆ. ‘ಖ-ನಂಗ್’ ಬಂದ ಕಡೆ ‘ಮೇ’ ಅಥವಾ ‘ಮೈಟ್’. ‘ಮೇಬಿ’ ಹೊಡೆದು ಹಾಕುವುದನ್ನೂ ನಿಲ್ಲಿಸುತ್ತೇನೆ. ನಿಘಂಟು ಸರ್ ಹೇಳಿದ್ದು ಸರಿ ಅನ್ನಿಸಿತು.

ಇನ್ನೊಂದು ಕೇಳಬೇಕಿತ್ತು. ‘ಐ ಕ್ಯಾನ್ ಕಮ್’ ಅಂದರೋ ‘ಐ ಕ್ಯಾಂಟ್ ಕಮ್’ ಅಂದರೋ ಎಷ್ಟೋ ಸಲ ತಿಳಿಯುವುದೇ ಇಲ್ಲ. ‘ಟ್’ ಒತ್ತಿ ಹೇಳಿ ಎಂದು ಹೇಳಿ ಸಾಕಾಗಿದೆ.

ಹಳೇ ನಿಘಂಟು:
‘ಟ್’ ಬಿಟ್ಟುಬಿಡಿ. ಅವರು ಕಲಿಯುವುದು ಜಾಸ್ತಿ ಅಮೆರಿಕನ್ ಉಚ್ಚಾರ. ಅಮೆರಿಕನ್ನರೂ ಆ ‘ಟ್’ ಅನ್ನು ಮುಕ್ಕಾಲು ನುಂಗುತ್ತಾರೆ. ಅವರ ಬಾಯಲ್ಲಿ ‘ಕ್ಯಾನ್’ ಕುಗ್ಗಿ ‘ಕನ್’ ಆಗುತ್ತದೆ, ಒತ್ತು ‘ಕಮ್’ ಮೇಲೆ ಬೀಳುತ್ತದೆ. ‘ಕ್ಯಾಂಟ್’ ಆದರೆ ಸ್ವರ ಪೂರ್ತಿ ಇರುತ್ತದೆ, ಒತ್ತೂ ಇರುತ್ತದೆ. ನಿಮ್ಮ ಹುಡುಗರು ಎರಡಕ್ಕೂ ಪೂರ್ತಿ ‘ಕ್ಯಾ’ ಹಾಕುತ್ತಿರಬೇಕು. ‘ಕನ್’ ಕುಗ್ಗಿಸುವುದನ್ನು ಮೊದಲು ಹೇಳಿಕೊಡಿ.